ಕೊಟ್ಟ ವಾದ್ಯ, ಇಟ್ಟ ಬೀಗ

ಆಗಸ್ಟ್ 15ಕ್ಕೆ ಇನ್ನು ಹತ್ತು ದಿನ ಇದೆ ಅನ್ನುವಾಗ ನಮ್ಮ ಹೊನ್ನೂರು, ಯಳಂದೂರು, ಕೊಳ್ಳೇಗಾಲದ ಸೀಮೆಯ ಹಳ್ಳಿಗಳಲ್ಲಿ ಸಂಜೆ ಹೊತ್ತು ಒಂದು ಸದ್ದು ಏಳುತ್ತದೆ. ಕಬ್ಬಿನ ಗದ್ದೆ ದಾಟಿ ಬರುವ ಡ್ರಮ್ಮಿನ ಸದ್ದು. ಒಂದು ಡ್ರಮ್ಮಿನ ಮೈ ಸಡಿಲ, ಇನ್ನೊಂದರ ಕಡ್ಡಿ ಮುರಿದು ಅದರ ಜಾಗಕ್ಕೆ ಹಿಪ್ಪುನೇರಳೆ ಬರಲು ಬಂದಿದೆ. ಬ್ಯೂಗಲ್ ಊದುವ ಹುಡುಗನ ಕೆನ್ನೆ ಉಬ್ಬಿ ಕೆಂಪಾಗಿದೆ, ಹೊರಡುವ ಸ್ವರ ಮಾತ್ರ ಎಮ್ಮೆಕರು ತಾಯಿಯನ್ನು ಕರೆದ ಹಾಗೆ. ಡ್ರಿಲ್ ಮೇಷ್ಟ್ರು ವಿಷಲ್ ಊದುತ್ತಾರೆ, ಮತ್ತೆ ಮೊದಲಿಂದ. ಐಕ್ಳಿಗೆ ಅದೇ ಹಬ್ಬ.

ಆಗಸ್ಟ್ 16ರ ಬೆಳಗ್ಗೆ ಅಷ್ಟೂ ಸಾಮಾನು ಹೆಡ್‌ಮಾಸ್ಟರ್ ಕೋಣೆಯ ಕಬ್ಬಿಣದ ಬೀರುವಿಗೆ ವಾಪಸ್. ಬೀಗ ಬಿತ್ತೆಂದರೆ ಇನ್ನು ತೆಗೆಯುವುದು ಜನವರಿಯಲ್ಲಿ. ದೊಡ್ಡ ಡ್ರಮ್ಮಿನ ಹೊಟ್ಟೆಯ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದ ‘ಕೊಡುಗೆ’ ಎಂಬ ಪದ, ಅದರ ಕೆಳಗಿನ ಹೆಸರು, ಇಸವಿ ಐದು ತಿಂಗಳು ಕತ್ತಲಲ್ಲಿರುತ್ತವೆ.

ಸರ್ಕಾರಿ ಶಾಲೆಗೆ ವಾದ್ಯ ಕೊಡುವವರನ್ನು ಲೇವಡಿ ಮಾಡಲು ಇದನ್ನು ಹೇಳುತ್ತಿಲ್ಲ. ಅವರು ಕೊಡದಿದ್ದರೆ ನಮ್ಮ ಬಹುಪಾಲು ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ಬಿಟ್ಟರೆ ಸಂಗೀತವೇ ಇರುತ್ತಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ ಒಂದು ಅನುಸೂಚಿ ಇದೆ. ಶಾಲೆ ಅಂದರೆ ಏನೇನಿರಬೇಕು ಎಂಬ ಪಟ್ಟಿ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು ಎಂದು ಅದು ಹೇಳುತ್ತದೆ. ಆಟದ ಸಾಮಾನು ಬೇಕು ಎನ್ನುತ್ತದೆ, ಗ್ರಂಥಾಲಯ ಬೇಕು ಎನ್ನುತ್ತದೆ. ವಾದ್ಯ ಎಂಬ ಮಾತು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ನೂರು ಮಕ್ಕಳಿಲ್ಲದ ಹಳ್ಳಿ ಶಾಲೆಗೆ ಆ ಅರೆಕಾಲಿಕ ಬೋಧಕರೂ ಇಲ್ಲ. ಹಾಗಾಗಿ ಸಂಗೀತದ ಸಾಮಾನು ಹಳೇ ವಿದ್ಯಾರ್ಥಿಗಳ ಕೈಗೆ, ಊರಿನ ಗುತ್ತಿಗೆದಾರರ ಕೈಗೆ, ತೀರಿಕೊಂಡ ತಂದೆಯ ನೆನಪಿಗೆ ಏನಾದರೂ ಮಾಡಬೇಕು ಅನ್ನುವ ಮಕ್ಕಳ ಕೈಗೆ ಬಿದ್ದಿದೆ. ಅವರಿಗೆ ಮೊದಲು ಹೊಳೆಯುವುದು ಬ್ಯಾಂಡ್‌ಸೆಟ್. ಕಣ್ಣಿಗೆ ಕಾಣುತ್ತದೆ, ದೂರಕ್ಕೆ ಕೇಳುತ್ತದೆ, ಹೆಸರು ಬರೆಸಲು ಅಗಲವಾದ ಜಾಗವೂ ಉಂಟು.

ನಾನು ಓದಿದ ಶಾಲೆಗೆ ಬಂದದ್ದು ಬ್ಯಾಂಡ್‌ಸೆಟ್ ಅಲ್ಲ, ಹಾರ್ಮೋನಿಯಂ. ನಮ್ಮ ಕಡೆ ‘ಕುರುಕ್ಷೇತ್ರ’ ನಾಟಕ ಆಡದ ಊರಿಲ್ಲ. ನಾಟಕಕ್ಕೆ ಹಾರ್ಮೋನಿಯಂ ಮೇಷ್ಟ್ರು ಬರಬೇಕು. ಅವರೇ ನಿರ್ದೇಶಕರು, ಅವರೇ ಸಂಗೀತಗಾರರು, ಮಾತು ಮರೆತವನಿಗೆ ಪೆಟ್ಟಿಗೆಯ ಹಿಂದಿನಿಂದ ಮೆಲ್ಲಗೆ ಸಾಲು ಎತ್ತಿಕೊಡುವವರೂ ಅವರೇ. ಪಾತ್ರ ಬೇಕೆಂದವನು ದುಡ್ಡು ಕಟ್ಟಬೇಕು. ಕೃಷ್ಣನಿಗೂ ದುರ್ಯೋಧನನಿಗೂ ರೇಟು ಹೆಚ್ಚು. ನಮ್ಮೂರಲ್ಲಿ ಒಂದು ವರ್ಷ ದುರ್ಯೋಧನನ ಪಾತ್ರಕ್ಕೆ ಇಬ್ಬರು ಪಟ್ಟು ಹಿಡಿದು ತಂಡವೇ ಒಡೆಯಿತು. ಚಂದಾ ಎತ್ತಿ ತಂದಿದ್ದ ಹಾರ್ಮೋನಿಯಂ ಯಾರ ಮನೆಯಲ್ಲಿರಬೇಕು ಅನ್ನುವುದು ಮುಂದಿನ ಜಗಳ. ಕೊನೆಗೆ ಹಿರಿಯರು ಕೂತು ಇಸ್ಕೂಲಿಗೆ ಕೊಟ್ಟುಬಿಡುವ ಅಂದರು. ಸಂಧಾನದ ಫಲವಾಗಿ ನಮಗೆ ಸಂಗೀತ ಒದಗಿ ಬಂತು.

ಒದಗಿ ಬಂತು ಅಂದುಕೊಂಡದ್ದಷ್ಟೇ. ಮೊದಲ ವಾರ ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದರು. ಆಮೇಲೆ ದಾಸ್ತಾನು ಪುಸ್ತಕದಲ್ಲಿ ಬರೆದುಕೊಂಡು ಬೀರುವಿಗೆ ಇಟ್ಟರು. ಮೂರು ವರ್ಷ ಕಳೆದು ಹೊಸ ಮೇಷ್ಟ್ರು ಬಂದು ತೆಗೆಸಿದಾಗ ಇಲಿ ತಿದಿಯನ್ನು ಕಡಿದು ಒಳಗೆ ಮರಿ ಹಾಕಿತ್ತು. ಗಾಳಿ ನಿಲ್ಲದ ಪೆಟ್ಟಿಗೆಯಿಂದ ಒಂದೇ ಒಂದು ಸ್ವರ ಹೊರಟಿತು. ಅದೂ ಒತ್ತದೇ ಇದ್ದ ಮನೆಯಿಂದ.

ಆಗ ಕೋಪ ಬಂದಿತ್ತು. ಈಗ ಆ ಹೆಡ್‌ಮಾಸ್ಟರ ಕಷ್ಟ ಅರ್ಥವಾಗುತ್ತದೆ. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಒಂದು ಸಾಮಾನು ಏರಿತೆಂದರೆ ವರ್ಗವಾಗಿ ಹೋಗುವಾಗ ಅದನ್ನು ಎಣಿಸಿ ಚಾರ್ಜ್ ಕೊಡಬೇಕು. ಆಡಿಟ್‌ನವರು ಕೇಳಿದರೆ ತೋರಿಸಬೇಕು. ಒಡೆದಿದ್ದರೆ ಯಾಕೆ ಒಡೆಯಿತು ಎಂದು ಬರೆದುಕೊಡಬೇಕು. ಕೊಟ್ಟವರು ಊರಿನವರೇ ಆಗಿದ್ದರೆ ಇನ್ನೂ ಕಷ್ಟ: ‘ನಮ್ಮಪ್ಪನ ಹೆಸರಲ್ಲಿ ಕೊಟ್ಟದ್ದು, ಹಿಂಗೆ ಮಾಡಿಬಿಟ್ರಾ ಸಾರ್’ ಅನ್ನುವ ಮಾತು ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೇಳಬೇಕು. ಇಷ್ಟು ಭಯ ಇರುವಲ್ಲಿ ಯಾರೂ ಮುಟ್ಟದ ವಾದ್ಯವೇ ಕ್ಷೇಮವಾದ ವಾದ್ಯ. ಅದೇ ಶಾಲೆಯಲ್ಲಿ ವಾಲಿಬಾಲ್ ವರ್ಷಕ್ಕೆ ಎರಡು ಹರಿಯುತ್ತದೆ, ಯಾರೂ ಅಳುವುದಿಲ್ಲ. ಸೀಮೆಸುಣ್ಣ ದಿನಕ್ಕೊಂದು ಡಬ್ಬಿ ಸವೆಯುತ್ತದೆ, ಸವೆದರೇ ಪಾಠ ನಡೆದಿದೆ ಎಂದು ಅರ್ಥ. ತಬಲದ ಚರ್ಮವೂ ಸವೆಯುವ ಸಾಮಾನೇ ಎಂದು ಪುಸ್ತಕ ಬರೆಯುವವರಿಗೆ ಯಾಕೋ ಹೊಳೆದಿಲ್ಲ.

ಈ ಸೀಮೆಯಲ್ಲಿ ವಾದ್ಯವನ್ನು ಕೊಡುವುದಕ್ಕೆ ಬೇರೆಯದೇ ಒಂದು ಕ್ರಮ ಇತ್ತು, ಈಗಲೂ ಇದೆ. ಮಲೆ ಮಹದೇಶ್ವರನ ದೇವರಗುಡ್ಡರ ಕೈಯ ಕಂಸಾಳೆಯನ್ನು ಅಂಗಡಿಯ ಸಾಮಾನು ಅನ್ನಲು ಬರುವುದಿಲ್ಲ. ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಜೋಳಿಗೆಗಳ ಜೊತೆಗೆ ಕೈಗೆ ಬರುವಂಥದ್ದು. ಬಂದ ಮೇಲೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಮನೆ ಮನೆಗೆ ಹೋಗಿ ಭಿಕ್ಷೆ ಬೇಡಬೇಕು, ಮಾದಪ್ಪನ ಕಥೆ ಹಾಡಬೇಕು. ಮಂಟೇಸ್ವಾಮಿ ಪರಂಪರೆಯ ನೀಲಗಾರರ ತಂಬೂರಿಯೂ ಹಾಗೆಯೇ. ಚಿಕ್ಕಲ್ಲೂರು ಜಾತ್ರೆಯ ರಾತ್ರಿ ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ಸಿದ್ದಪ್ಪಾಜಿಯ ಪವಾಡ ಹಾಡುವವರನ್ನು ಕೇಳಿ ನೋಡಿ, ಎಷ್ಟು ಜನ ತಮ್ಮ ವಾದ್ಯವನ್ನು ಕೊಂಡಿದ್ದಾರೆ, ಎಷ್ಟು ಜನ ತಂದೆಯಿಂದ, ಸೋದರಮಾವನಿಂದ, ಗುರುವಿನಿಂದ ಪಡೆದಿದ್ದಾರೆ ಎಂದು. ಪಡೆದವನಿಗೆ ಹಾಡುವ ಹೊಣೆಯೂ ಜೊತೆಗೇ ಬರುತ್ತದೆ. ನುಡಿಸದಿದ್ದರೆ ತಪ್ಪು ಅನ್ನುವ ಕಟ್ಟಳೆ ಅಲ್ಲಿ, ನುಡಿಸಿದರೆ ತಪ್ಪು ಅನ್ನುವ ಕಟ್ಟಳೆ ಬೀರುವಿನಲ್ಲಿ.

ಕಂಸಾಳೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಶಾಲೆಗೆ ಏನು ಕೊಡಬೇಕು ಎಂದು ಯಾರಾದರೂ ಕೇಳಿದರೆ ನನ್ನ ಮೊದಲ ಉತ್ತರ ಅದೇ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಲೋಹ ಕಂಚು, ಹೆಸರೂ ಅದರಿಂದಲೇ ಬಂದದ್ದು. ತಾಮ್ರಕ್ಕೆ ಸುಮಾರು ಐದರಲ್ಲೊಂದು ಪಾಲು ತವರ ಬೆರೆತ ಕಂಚು ಗಡುಸಾಗುತ್ತದೆ, ಬಡಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಅದೇ ಗಡುಸಿನಿಂದಾಗಿ ಕಲ್ಲಿನ ಮೇಲೆ ಬಿದ್ದರೆ ಸೀಳುತ್ತದೆ. ಸೀಳು ಬಿಟ್ಟದ್ದನ್ನು ಬೆಸೆದರೆ ಹಳೆಯ ನಾದ ಬರುವುದಿಲ್ಲ, ಕರಗಿಸಿ ಮತ್ತೆ ಎರಕ ಹೊಯ್ಯಬೇಕು. ಇಷ್ಟು ಬಿಟ್ಟರೆ ಅದಕ್ಕೆ ಇನ್ಯಾವ ರೋಗವೂ ಇಲ್ಲ. ಇಲಿ ತಿನ್ನದು, ಗೆದ್ದಲು ಹತ್ತದು, ಮಳೆಗಾಲಕ್ಕೆ ಶ್ರುತಿ ಇಳಿಯದು. ಬದಲಿಸಬೇಕಾದದ್ದು ಒಂದು ದಾರ. ಬೀಸು ಕಂಸಾಳೆಯಲ್ಲಿ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ತಾಳ ಬೀಸಿ ತಾಗಿಸುವ ಹುಡುಗನಿಗೆ ಲಯ ಎಂದರೇನು ಎಂದು ಹಲಗೆಯ ಮೇಲೆ ಬರೆದು ತೋರಿಸುವ ಅಗತ್ಯ ಬೀಳುವುದಿಲ್ಲ. ತಪ್ಪಿದರೆ ಮೊಣಕೈಗೆ ಏಟು.

ಲೆಕ್ಕ ಹಾಕಿ ನೋಡಿ. ನಲವತ್ತು ಮಕ್ಕಳ ತರಗತಿ, ನಲವತ್ತು ನಿಮಿಷದ ಪಿರಿಯಡ್. ಒಂದು ಕೀಬೋರ್ಡ್ ಕೊಟ್ಟರೆ ಒಂದು ಮಗುವಿನ ಪಾಲಿಗೆ ಒಂದು ನಿಮಿಷ, ಅದೂ ಕರೆಂಟ್ ಇದ್ದರೆ. ಇಪ್ಪತ್ತು ಜೊತೆ ತಾಳ ಕೊಟ್ಟರೆ ಅರ್ಧ ತರಗತಿ ಬಾರಿಸುತ್ತದೆ, ಉಳಿದರ್ಧ ಹಾಡುತ್ತದೆ, ಆಮೇಲೆ ಅದಲುಬದಲು. ಒಂದು ನಿಮಿಷ ಇಪ್ಪತ್ತು ನಿಮಿಷ ಆಯಿತು. ಆದರೂ ದಾನಿಗಳ ಮನಸ್ಸು ಹೋಗುವುದು ಕೀಬೋರ್ಡಿನ ಕಡೆಗೇ. ಫೋಟೋದಲ್ಲಿ ಇಪ್ಪತ್ತು ಜೊತೆ ತಾಳ ಒಂದು ಸಣ್ಣ ಗೋಣಿಚೀಲದಲ್ಲಿ ಮುಗಿದುಹೋಗುತ್ತದಲ್ಲ.

ಕಲಿಸುವವರು ಎಲ್ಲಿ ಎಂಬ ಪ್ರಶ್ನೆಗೆ ನಮ್ಮ ಸೀಮೆಯ ಮಟ್ಟಿಗೆ ಉತ್ತರ ಸುಲಭ. ವಯಲಿನ್ ಕಲಿಸುವವರು ಮೈಸೂರಿನಿಂದ ಬರಬೇಕು. ಕಂಸಾಳೆ, ತಂಬೂರಿ, ತಮಟೆ ಕಲಿಸುವವರು ಶಾಲೆಯ ಕಾಂಪೌಂಡಿನ ಆಚೆಯೇ ಇದ್ದಾರೆ. ಮಹದೇಶ್ವರನ ಕಾವ್ಯವನ್ನು ವಿದ್ವಾಂಸರು ಹಾಡುಗಾರರಿಂದ ಕೇಳಿ ಬರೆದುಕೊಂಡು ಪುಸ್ತಕ ಮಾಡಿದ್ದಾರೆ, ಇಂಗ್ಲಿಷಿಗೂ ಹೋಗಿದೆ. ಅದನ್ನು ರಾತ್ರಿಗಟ್ಟಲೆ ಬಾಯಲ್ಲೇ ಹೇಳಬಲ್ಲವರು ಹಗಲು ಕೂಲಿಗೆ ಹೋಗುತ್ತಾರೆ. ಅವರ ಮೊಮ್ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಾರೆ. ‘ಪ್ರತಿಭಾ ಕಾರಂಜಿ’ ಸ್ಪರ್ಧೆ ಬಂದಾಗ ಜಾನಪದ ಗೀತೆಯ ವಿಭಾಗಕ್ಕೆ ಮೊಬೈಲಿನಲ್ಲಿ ಹಾಡು ಹುಡುಕಿ ಮಕ್ಕಳಿಗೆ ಕಲಿಸುವ ಶಾಲೆಯನ್ನು ನಾನು ನೋಡಿದ್ದೇನೆ. ಆ ಶಾಲೆಯ ಹಿಂದಿನ ಬೀದಿಯಲ್ಲಿ ತಂಬೂರಿ ಮೊಳೆಗೆ ನೇತು ಬಿದ್ದಿತ್ತು.

ಹಾಡು ಈ ಸೀಮೆಗೆ ಹೊಸದೇನಲ್ಲ. ಹೊನ್ನೂರಿನಿಂದ ಯಳಂದೂರು ಏನು ದೂರ. ಸುವರ್ಣಾವತಿಯ ದಡದ ಊರು. ಜನ ಆ ಹೊಳೆಯನ್ನು ಹೊನ್ನುಹೊಳೆ ಅನ್ನುತ್ತಾರೆ. ಸಂಚಿ ಹೊನ್ನಮ್ಮ ಅಲ್ಲಿಯವಳು. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸಕ್ಕಿದ್ದ ಹೆಣ್ಣುಮಗಳು ‘ಹದಿಬದೆಯ ಧರ್ಮ’ ಬರೆದಳು, ಅದೂ ಸಾಂಗತ್ಯದಲ್ಲಿ. ಸಾಂಗತ್ಯ ಹಾಡಿಕೊಳ್ಳುವ ಛಂದಸ್ಸು. ಓದು ಬಾರದ ಹೆಂಗಸರೂ ಕೇಳಿ ಬಾಯಿಪಾಠ ಮಾಡಬಹುದು, ಪಕ್ಕದಲ್ಲಿ ಒಂದು ತಾಳ ಇದ್ದರೆ ಸಾಕು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನೂ ಈ ಸೀಮೆಯ ಮಗುವೇ. ಶಾಲೆಯನ್ನು ಬೇಗ ಬಿಟ್ಟ ಆ ಹುಡುಗನಿಗೆ ಸಂಗೀತ ಸಿಕ್ಕಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ. ಮುಂದೆ ರಾಜ್‌ಕುಮಾರ್ ಆದ ಮೇಲೆ ನಾಡೆಲ್ಲ ಕೇಳಿದ ಕಂಠ ತರಗತಿಯಲ್ಲಿ ತಯಾರಾದದ್ದಲ್ಲ. ನಾಟಕ ಕಂಪನಿಗಳು ಮುಚ್ಚಿದ ಮೇಲೆ ಅಂಥ ಹುಡುಗನಿಗೆ ಎಲ್ಲಿ ಜಾಗ ಎಂದು ಯೋಚಿಸಿದರೆ ಮತ್ತೆ ಶಾಲೆಯ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ದಾನದಿಂದಲೇ ನಡೆದ ಸಂಗೀತ ಶಾಲೆ ಬೇಕೆಂದರೆ ಗದಗಕ್ಕೆ ಹೋಗಬೇಕು. ವೀರೇಶ್ವರ ಪುಣ್ಯಾಶ್ರಮ. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು, ಸ್ವತಃ ಕಣ್ಣಿಲ್ಲದವರು, ಕಣ್ಣಿಲ್ಲದ ಮತ್ತು ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವ ಪಾಠಶಾಲೆ ನಡೆಸಿದರು. ಬಿಡಾರ ಬಿಟ್ಟ ಊರಿನವರು ಕೊಟ್ಟ ಜೋಳವೇ ಊಟ. ಗದಗಿನಲ್ಲಿ ನೆಲೆ ನಿಂತದ್ದೂ ದಾನಿಯೊಬ್ಬರಿಂದಲೇ. ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಾಲವಾಗುವ ತನಕ ನಾಟಕ ಕಂಪನಿ ಕಟ್ಟಿ, ತುಲಾಭಾರಕ್ಕೆ ಕೂತು, ಕಛೇರಿ ಮಾಡಿ ಬಂದದ್ದನ್ನೆಲ್ಲ ಮಕ್ಕಳ ಊಟಕ್ಕೂ ಪಾಠಕ್ಕೂ ಹಾಕಿದರು. ಬಸವರಾಜ ರಾಜಗುರು, ವೆಂಕಟೇಶಕುಮಾರ್ ಅಲ್ಲಿಂದ ಬಂದವರು.

ಅಲ್ಲಿ ಮಕ್ಕಳು ಶಾಲೆಯಲ್ಲೇ ವಾಸ ಮಾಡುತ್ತಾರೆ, ವಾದ್ಯವೂ ಅವರ ಜೊತೆಗೇ ವಾಸ. ದೊಡ್ಡ ಹುಡುಗ ಬಾರಿಸಿ ಇಟ್ಟ ತಬಲವನ್ನು ಚಿಕ್ಕವನು ಎತ್ತಿಕೊಳ್ಳುತ್ತಾನೆ. ಇಡೀ ದಿನ ಒಂದಲ್ಲ ಒಂದು ಕೈ ಅದರ ಮೇಲಿದ್ದರೆ ಇಲಿಗೆ ಗೂಡು ಕಟ್ಟಲು ಪುರಸೊತ್ತು ಎಲ್ಲಿ? ಆ ವ್ಯವಸ್ಥೆಯನ್ನು ನಮ್ಮ ಹಗಲು ಶಾಲೆಗೆ ಹಾಗೇ ತರಲಾಗದು, ನಿಜ. ಆದರೆ ಬೀರುವಿನ ಬೀಗದ ಕೈ ಏಳನೇ ತರಗತಿಯ ಇಬ್ಬರು ಮಕ್ಕಳ ಬಳಿ ಇರಲಿ ಎಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಹಾಳಾದ ವಾದ್ಯದ ಗೋಳು ನಮ್ಮ ಬಡತನದಿಂದ ಮಾತ್ರ ಬಂದದ್ದೆಂದು ನಾನು ತಿಳಿದಿದ್ದೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಸಾರ್ವಜನಿಕ ಶಾಲೆಗಳಲ್ಲಿ ಸಾವಿರಕ್ಕೂ ಹೆಚ್ಚು ಮುರಿದ ವಾದ್ಯಗಳು ರಿಪೇರಿಗೆ ದುಡ್ಡಿಲ್ಲದೆ ಬಿದ್ದಿದ್ದವು ಎಂದು ಓದಿದ ಮೇಲೆ ಸಮಾಧಾನವೋ ಏನೋ ಒಂದು ಆಯಿತು. ಅಲ್ಲಿನವರು ಒಂದು ಉಪಾಯ ಮಾಡಿದರು. ಡೇವಿಡ್ ಲ್ಯಾಂಗ್ ಎಂಬ ಸಂಗೀತ ಸಂಯೋಜಕರಿಂದ ಆ ಮುರಿದ ವಾದ್ಯಗಳಿಗಾಗಿಯೇ ಒಂದು ಕೃತಿ ಬರೆಸಿ, ತಂತಿಯಿಲ್ಲದ ಪಿಟೀಲು, ಗುಂಡಿ ಕಿತ್ತ ಕ್ಲಾರಿನೆಟ್ ಹಿಡಿಸಿ ಸುಮಾರು ನಾನ್ನೂರು ಜನರಿಂದ 2017ರ ಡಿಸೆಂಬರಿನಲ್ಲಿ ನುಡಿಸಿದರು. ಮಕ್ಕಳೂ ಇದ್ದರು, ಮುದುಕರೂ ಇದ್ದರು. ಊರಿನ ಜನ ಒಂದೊಂದು ವಾದ್ಯವನ್ನು ದತ್ತು ತೆಗೆದುಕೊಂಡು ರಿಪೇರಿಯ ಹಣ ಕೊಟ್ಟರು, ವಾದ್ಯಗಳು ಶಾಲೆಗೆ ವಾಪಸ್ ಹೋದವು. ಹೊಸದನ್ನು ಕೊಡಿ ಎಂದು ಕೇಳಲಿಲ್ಲ, ಇದ್ದದ್ದನ್ನು ಎಬ್ಬಿಸಿ ಎಂದು ಕೇಳಿದರು. ನಮ್ಮ ಒಂದು ತಾಲ್ಲೂಕಿನ ಬೀರುಗಳನ್ನೆಲ್ಲ ಒಂದೇ ದಿನ ತೆಗೆದರೆ ಎಷ್ಟು ಸಿಗಬಹುದು ಎಂದು ನನಗೆ ಆಗಾಗ ಕುತೂಹಲ ಆಗುತ್ತದೆ.

ಎಬ್ಬಿಸಲು ಬೇಕಾದದ್ದು ಸಣ್ಣ ಸಣ್ಣ ಸಾಮಾನು. ಹಾರ್ಮೋನಿಯಂ ಕೆಡುವುದು ಬಹುಪಾಲು ತಿದಿಯಲ್ಲಿ ಮತ್ತು ರೀಡಿನಲ್ಲಿ. ತಿದಿಯ ಮಡಿಕೆ ಹರಿದರೆ ತೆಳು ಚರ್ಮ ಅಂಟಿಸಬೇಕು. ಹಿತ್ತಾಳೆಯ ರೀಡಿನ ಮೇಲೆ ದೂಳು ಕೂತರೆ ಸ್ವರ ಗೊಗ್ಗರಾಗುತ್ತದೆ, ಒಂದು ಕೂದಲೆಳೆ ಸಿಕ್ಕಿಕೊಂಡರೂ ಮೂಕವಾಗುತ್ತದೆ. ಬಿಚ್ಚಿ ಒರೆಸಿದರೆ ಎಷ್ಟೋ ಸಲ ತಾನೇ ಮಾತಾಡುತ್ತದೆ. ಒಂದು ಮೆತ್ತನೆ ಬ್ರಷ್, ಒಂದು ಸ್ಕ್ರೂಡ್ರೈವರ್. ತಬಲದ ಮೇಲಿನ ಕಪ್ಪು ಮೆತ್ತು, ಕರಣಿ, ಬೆವರು ತಾಗಿ, ತಂಪಿಗೆ ಬಿರುಕು ಬಿಟ್ಟು ಪುಡಿಯಾಗಿ ಉದುರುತ್ತದೆ. ಅದನ್ನು ಮೆತ್ತುವುದು ಕಸುಬುದಾರರ ಕೆಲಸ, ಮಕ್ಕಳಿಂದಾಗದು. ಆದರೆ ಅಂಗೈಗೆ ಪೌಡರ್ ಹಾಕಿಕೊಂಡು ಬಾರಿಸಿ, ಬಾರಿಸಿ ಆದ ಮೇಲೆ ಬಟ್ಟೆಯ ಗವಸು ಹಾಕಿಟ್ಟರೆ ಅದರ ಆಯುಷ್ಯ ಹೆಚ್ಚುತ್ತದೆ. ಕಂಜಿರದ್ದು ಬೇರೆ ಕಥೆ. ಹಿಂದೆ ಅದಕ್ಕೆ ಉಡದ ಚರ್ಮ ಹಾಕುತ್ತಿದ್ದರು. ಉಡ ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ನಮ್ಮಂಥವರು ಅಜ್ಜನ ಕಾಲದ ಕಂಜಿರವನ್ನು ಶಾಲೆಗೆ ಕೊಡುವ ಮೊದಲು ಅದನ್ನು ಯೋಚಿಸಬೇಕು. ಮೇಕೆ ಚರ್ಮದ್ದೋ ಫೈಬರಿನದ್ದೋ ಕೊಂಡು ಕೊಟ್ಟರಾಯಿತು.

ತಮಟೆಗೆ ಬೇಕಾದದ್ದು ಬೆಂಕಿ. ತಂಪು ಹಿಡಿದ ಚರ್ಮವನ್ನು ನಾಲ್ಕು ತರಗು, ಹರಿದ ನೋಟ್‌ಬುಕ್ಕಿನ ಹಾಳೆ ಉರಿಸಿ ಕಾಯಿಸಿದರೆ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿ ನೋಡಿ ಇನ್ನಷ್ಟು ಬೇಕೋ ಸಾಕೋ ಹೇಳಬೇಕು. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಆದರೆ ತಮಟೆ ಶಾಲೆಗೆ ಬಂದಾಗ ಅದರ ಹಿಂದೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಯಾರು ಬಾರಿಸಬೇಕು? ಊರ ಹಬ್ಬದಲ್ಲಿ ಅದು ಯಾರ ಹೆಗಲಿಗೆ ಬೀಳುತ್ತದೆ ಎಂದು ಮಕ್ಕಳಿಗೆಲ್ಲ ಗೊತ್ತು. ಬ್ಯಾಂಡ್‌ಸೆಟ್ಟಿನ ಡ್ರಮ್ಮನ್ನು ಕೇಳಿ ಕೇಳಿ ಇಸಕೊಳ್ಳುವ ಹುಡುಗ ತಮಟೆ ಎದುರು ಕೈ ಹಿಂದಕ್ಕೆ ಕಟ್ಟಿ ನಿಂತದ್ದನ್ನು ಕಂಡಿದ್ದೇನೆ. ಎರಡೂ ಚರ್ಮ, ಎರಡೂ ಕಡ್ಡಿ. ಮೇಷ್ಟ್ರು ಜಾಣರಾಗಿದ್ದರೆ ಹಾಜರಿ ಪುಸ್ತಕದ ಕ್ರಮದಲ್ಲಿ ಕರೆದು ಎಲ್ಲರ ಕೈಗೂ ಕೊಡುತ್ತಾರೆ. ಹಾಗೆ ಕೊಟ್ಟ ದಿನ, ಯಾವಾಗಲೂ ಕೊನೆಯ ಸಾಲಿನಲ್ಲಿ ಕೂರುವ ಹುಡುಗ ಎದ್ದು ಬಂದು ಉಳಿದವರಿಗೆ ಹೇಗೆ ಹಿಡಿಯಬೇಕು ಎಂದು ತೋರಿಸಿಕೊಡುತ್ತಾನೆ. ಅವನ ಅಪ್ಪನಿಂದ ಅವನಿಗೆ ಬಂದದ್ದು. ಹುಡುಗಿಯರ ಮಾತೂ ಹೀಗೆಯೇ. ಗಂಡಸರದ್ದೇ ಆಗಿದ್ದ ಬೀಸು ಕಂಸಾಳೆಯನ್ನು ಈಗ ಶಾಲೆ ಕಾಲೇಜಿನ ಹೆಣ್ಣುಮಕ್ಕಳು ಜಡೆ ಬಿಗಿದು ಬೀಸುತ್ತಾರೆ. ಶಾಲೆಯ ಸಾಮಾನು ಎಂದು ಪಟ್ಟಿಯಲ್ಲಿ ಬಿದ್ದದ್ದರಿಂದ ಆದ ಲಾಭ ಇದೊಂದು: ಅದು ಯಾರ ಮನೆಯದ್ದೂ ಅಲ್ಲ.

ಲಾಭ ಮಾಡುವ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಶಿಕ್ಷಣವೂ ಆ ಪಟ್ಟಿಯಲ್ಲಿದೆ, ಸಾಂಪ್ರದಾಯಿಕ ಕಲೆಗಳ ಪೋಷಣೆಯೂ ಇದೆ. ಆ ದುಡ್ಡಿನಲ್ಲಿ ಬರುವ ಸ್ಮಾರ್ಟ್ ಕ್ಲಾಸಿನ ಪರದೆಗಳನ್ನು ನೋಡುವಾಗ, ಅದರ ಒಂದು ಚೂರಿನಲ್ಲಿ ಒಬ್ಬ ರಿಪೇರಿಯವನನ್ನು ವರ್ಷಕ್ಕೆರಡು ಸಲ ಶಾಲೆಯಿಂದ ಶಾಲೆಗೆ ಕಳಿಸಬಹುದಿತ್ತಲ್ಲ ಅನ್ನಿಸುತ್ತದೆ. ಅವನ ಬಸ್ ಚಾರ್ಜು, ಊಟ, ಕೂಲಿ. ಉದ್ಘಾಟನೆ ಮಾಡಲು ಬರದ ಖರ್ಚು ಇದು.

ಕಳೆದ ಸಲ ಊರಿಗೆ ಹೋದಾಗ ಒಂದು ಶಾಲೆಗೆ ನಾನು ತಬಲದ ಸಾಮಾನು ಒಯ್ದಿದ್ದೆ. ಡಗ್ಗಕ್ಕೊಂದು ಹೊಸ ಚರ್ಮ, ಎರಡು ಗವಸು, ಒಂದು ಡಬ್ಬಿ ಪೌಡರ್, ಒಂದು ಸಣ್ಣ ಸುತ್ತಿಗೆ. ಮೇಡಂ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ‘ಇದಕ್ಕೆ ಹೆಸರು ಎಲ್ಲಿ ಬರೆಸೋದು ಸಾರ್?’ ಎಂದು ಕೇಳಿ ತಾವೇ ನಕ್ಕರು. ಬೀರುವಿನಿಂದ ತೆಗೆಸಿದ ತಬಲ ಸಡಿಲವಾಗಿತ್ತು. ಬಾರಿನಡಿಯ ಮರದ ಗಟ್ಟವನ್ನು ಸುತ್ತಿಗೆಯಲ್ಲಿ ಕೆಳಕ್ಕೆ ತಟ್ಟಿದರೆ ಬಾರು ಬಿಗಿದು ಸ್ವರ ಏರುತ್ತದೆ ಎಂದು ಹೇಳಿ, ಮುಂದೆ ನಿಂತಿದ್ದ ಆರನೇ ಕ್ಲಾಸಿನ ಹುಡುಗಿಯ ಕೈಗೆ ಸುತ್ತಿಗೆ ಕೊಟ್ಟೆ. ಅವಳು ಹೆದರಿ ಹೆದರಿ ಒಂದು ತಟ್ಟಿದಳು. ಬೆರಳಿಟ್ಟು ಬಾರಿಸಿ ನೋಡಿದಳು. ಸ್ವರ ಒಂದು ಎಳೆ ಮೇಲೆ ಬಂದಿತ್ತು, ಅದು ಅವಳಿಗೆ ಕೇಳಿಸಿತು. ತಲೆ ಎತ್ತಿ ಮೇಡಂ ಕಡೆ ನೋಡಿ ಕೇಳಿದಳು:

‘ಇನ್ನೊಂದ್ ಏಟು ಹಾಕ್ಲಾ ಮಿಸ್?’